ಲಿವರ್ ಆಟೋಆಂಟಿಬಾಡಿ ರಿಪೋರ್ಟ್ ಓದುವುದು ಹೇಗೆ

ಆಂಟಿಬಾಡಿ ಅಂದರೆ ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರೊಟೀನ್. ಅದು ನಮ್ಮ ಮೈಯ ಭಾಗಗಳಿಗೇ ಅಂಟಿಕೊಂಡರೆ ಆಟೋಆಂಟಿಬಾಡಿ. ಅದರ ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರೂ ಹುಡುಕುವುದು ಒಂದೇ ಪದ. ಪಾಸಿಟಿವ್ವಾ, ನೆಗೆಟಿವ್ವಾ? ಆ ಪದವನ್ನು ಟೈಪ್ ಮಾಡುವ ಕಡೆ ಕೂತಿರುವವಳು ನಾನು. ಇಮ್ಯುನಾಲಜಿ ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಮುಂದೆ ಕೂತು ಸ್ಲೈಡ್ ಓದುವುದು ನನ್ನ ಕೆಲಸ. ಹತ್ತಿರದವರು, ಅವರ ಪರಿಚಯದವರು, ಆ ಪರಿಚಯದವರ ಪರಿಚಯದವರು ರಿಪೋರ್ಟಿನ ಫೋಟೊ ಕಳಿಸುತ್ತಲೇ ಇರುತ್ತಾರೆ. ಎಲ್ಲರ ಪ್ರಶ್ನೆಯೂ ಹೆಚ್ಚು ಕಡಿಮೆ ಒಂದೇ, ಎಎನ್‌ಎ ಅನ್ನುವ ಆಟೋಆಂಟಿಬಾಡಿ ಬಗ್ಗೆ. ‘ಎಎನ್‌ಎ ಪಾಸಿಟಿವ್ ಅಂತಿದೆ. ಲಿವರ್ ಹೋಯ್ತಾ?’

ಹೋಗಿಲ್ಲ. ಪಾಸಿಟಿವ್ ಅನ್ನುವ ಒಂದು ಪದದಿಂದ ಹಾಗೆ ಹೇಳಲು ಬರುವುದೂ ಇಲ್ಲ. ಅದರ ಅಕ್ಕಪಕ್ಕ ಸಣ್ಣ ಅಕ್ಷರದಲ್ಲಿ ಮೂರು ವಿಷಯ ಇರುತ್ತವೆ: ಯಾವ ವಿಧಾನ, ಎಷ್ಟು ಟೈಟರ್ (ಆಂಟಿಬಾಡಿಯ ಪ್ರಮಾಣ), ಯಾವ ಪ್ಯಾಟರ್ನ್ (ಎಲ್ಲಿ, ಹೇಗೆ ಹೊಳೆಯಿತು). ಓದಬೇಕಾದದ್ದು ಅದನ್ನು. ಅದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ನಿಮಗೆ ನೀವೇ ಕಾಯಿಲೆಯ ಹೆಸರು ಇಟ್ಟುಕೊಳ್ಳಬೇಡಿ. ಡಾಕ್ಟರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲು ಇದು ಸಾಕು.

ಮೊದಲು ಬೇರೆ ರಿಪೋರ್ಟ್ ತೆಗೆಯಿರಿ

ಆಟೋಆಂಟಿಬಾಡಿ ಹಾಳೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಲಿವರ್ ಫಂಕ್ಷನ್ ಟೆಸ್ಟ್ ತೆಗೆಯಿರಿ. ಅದರಲ್ಲಿ ಎರಡು ಜೋಡಿ ಎಂಜೈಮ್ ನೋಡಬೇಕು. ಎಎಲ್‌ಟಿ ಮತ್ತು ಎಎಸ್‌ಟಿ ಒಂದು ಜೋಡಿ. ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಇನ್ನೊಂದು ಜೋಡಿ. ಮೊದಲನೆಯದು ಮುಖ್ಯವಾಗಿ ಏರಿದ್ದರೆ ಪೆಟ್ಟು ಬೀಳುತ್ತಿರುವುದು ಲಿವರಿನ ಜೀವಕೋಶಗಳಿಗೆ. ಎರಡನೆಯದು ಮುಖ್ಯವಾಗಿ ಏರಿದ್ದರೆ ತೊಂದರೆ ಇರುವುದು ಪಿತ್ತ ಹರಿಯುವ ದಾರಿಯಲ್ಲಿ.

ಲಿವರಿನ ಆಟೋಇಮ್ಯೂನ್ ಕಾಯಿಲೆಗಳೂ, ಅಂದರೆ ಮೈಯ ರಕ್ಷಣಾ ವ್ಯವಸ್ಥೆ ಲಿವರಿನ ಮೇಲೇ ದಾಳಿ ಮಾಡುವ ಕಾಯಿಲೆಗಳೂ, ಹೀಗೇ ಬೇರೆಯಾಗುತ್ತವೆ. ಜೀವಕೋಶಗಳ ಮೇಲೆ ದಾಳಿ ಆದರೆ ಆಟೋಇಮ್ಯೂನ್ ಹೆಪಟೈಟಿಸ್. ಲಿವರಿನ ಒಳಗಿನ ತೀರಾ ಸಣ್ಣ ಪಿತ್ತನಾಳಗಳ ಮೇಲೆ ಆದರೆ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್, ಅಂದರೆ ಪಿಬಿಸಿ. ದೊಡ್ಡ ಪಿತ್ತನಾಳಗಳು ಅಲ್ಲಲ್ಲಿ ಗಟ್ಟಿಯಾಗಿ ಕಿರಿದಾಗುತ್ತಾ ಹೋದರೆ ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್, ಪಿಎಸ್‌ಸಿ. ಒಬ್ಬರಲ್ಲೇ ಎರಡರ ಲಕ್ಷಣ ಬೆರೆತಿರುವುದೂ ಉಂಟು.

ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರಕ್ತದಲ್ಲಿರುವ ಆಂಟಿಬಾಡಿಗಳ ಒಟ್ಟು ಮಟ್ಟ ಹುಡುಕಿ. ಐಜಿಜಿ ಏರಿದ್ದರೆ ಆಟೋಇಮ್ಯೂನ್ ಹೆಪಟೈಟಿಸ್ ಕಡೆ ವಾಲುತ್ತದೆ. ಐಜಿಎಂ ಏರಿದ್ದರೆ ಪಿಬಿಸಿ ಕಡೆ. ಈ ಟೆಸ್ಟ್ ಮಾಡಿಸಿಯೇ ಇಲ್ಲ ಅಂದರೆ ನಿಮ್ಮ ಮೊದಲ ಪ್ರಶ್ನೆ ಸಿಕ್ಕಿತು: ‘ಡಾಕ್ಟ್ರೇ, ಐಜಿಜಿ ನೋಡೋದು ಬೇಡವಾ?’ ಹೆಪಟೈಟಿಸ್ ಬಿ ಮತ್ತು ಸಿ ಟೆಸ್ಟ್ ಆಗಿದೆಯಾ ಅಂತಲೂ ನೋಡಿ. ಈಗ ನುಂಗುತ್ತಿರುವ, ಇತ್ತೀಚೆಗೆ ನುಂಗಿ ಬಿಟ್ಟ ಎಲ್ಲ ಮಾತ್ರೆಗಳನ್ನೂ ಒಂದು ಚೀಟಿಯಲ್ಲಿ ಬರೆಯಿರಿ. ನೈಟ್ರೋಫ್ಯುರಾಂಟಾಯಿನ್ ಮತ್ತು ಮಿನೊಸೈಕ್ಲಿನ್ ಥರದ ಔಷಧಗಳು ಆಟೋಇಮ್ಯೂನ್ ಹೆಪಟೈಟಿಸ್‌ನಂತೆಯೇ ಕಾಣುವ ಲಿವರ್ ತೊಂದರೆ ತರಬಲ್ಲವು. ಆಂಟಿಬಾಡಿ ಸಮೇತ. ನನಗೆ ಬರುವ ಎಷ್ಟೋ ಸ್ಯಾಂಪಲ್‌ಗಳ ಜೊತೆ ಔಷಧದ ವಿವರವೇ ಇರುವುದಿಲ್ಲ. ಸ್ಲೈಡಿಗೆ ಅದು ಗೊತ್ತಾಗುವುದೂ ಇಲ್ಲ.

ವಿಧಾನದ ಸಾಲು

ಈಗ ಆಂಟಿಬಾಡಿ ಹಾಳೆಗೆ ಬನ್ನಿ. ಟೆಸ್ಟಿನ ಹೆಸರಿನ ಕೆಳಗೋ ಪಕ್ಕದಲ್ಲೋ ವಿಧಾನ ಬರೆದಿರುತ್ತದೆ. ಐಐಎಫ್, ಐಎಫ್ಎ, ಎಲೈಸಾ, ಸಿಎಲ್ಐಎ, ಇಮ್ಯುನೊಬ್ಲಾಟ್, ಲೈನ್ ಬ್ಲಾಟ್ ಇವುಗಳಲ್ಲಿ ಯಾವುದಾದರೂ ಇರಬಹುದು. ಈ ಸಾಲನ್ನು ಯಾರೂ ಓದುವುದಿಲ್ಲ. ನಾನಾದರೆ ಮೊದಲು ಓದುವುದೇ ಇದನ್ನು.

ಐಐಎಫ್ ಅಂದರೆ ಇನ್‌ಡೈರೆಕ್ಟ್ ಇಮ್ಯುನೊಫ್ಲೋರೆಸೆನ್ಸ್. ಐಎಫ್ಎ ಅಂದರೂ ಅದೇ. ನನ್ನ ಕತ್ತಲೆ ಕೋಣೆಯ ಕೆಲಸ ಇದೇ. ಇಲಿಯ ಲಿವರ್, ಕಿಡ್ನಿ, ಜಠರ ಮೂರರ ತೆಳುವಾದ ತುಂಡುಗಳನ್ನು ಒಂದೇ ಸ್ಲೈಡಿನ ಮೇಲೆ ಕೂರಿಸಿರುತ್ತಾರೆ. ಅದರ ಮೇಲೆ ನಿಮ್ಮ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಹಾಕುತ್ತೇವೆ. ಸೀರಂನಲ್ಲಿ ಆಟೋಆಂಟಿಬಾಡಿ ಇದ್ದರೆ ತನಗೆ ಬೇಕಾದ ಜಾಗ ಹುಡುಕಿಕೊಂಡು ಅಂಟಿಕೊಳ್ಳುತ್ತದೆ. ಉಳಿದದ್ದನ್ನು ತೊಳೆಯುತ್ತೇವೆ. ಆಮೇಲೆ ಮನುಷ್ಯರ ಆಂಟಿಬಾಡಿಯನ್ನು ಹಿಡಿಯುವ, ಹಸಿರಾಗಿ ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ಆಂಟಿಬಾಡಿ ಹಾಕುತ್ತೇವೆ. ಮತ್ತೆ ತೊಳೆಯುತ್ತೇವೆ. ಮೈಕ್ರೋಸ್ಕೋಪಿನಲ್ಲಿ ಎಲ್ಲಿ ಹಸಿರು ಕಂಡಿತೋ ಅಲ್ಲಿ ನಿಮ್ಮ ಆಂಟಿಬಾಡಿ ಕೂತಿದೆ ಅಂತ ಲೆಕ್ಕ.

ಮೂರು ಅಂಗ ಯಾಕೆ? ಒಂದೊಂದು ಆಂಟಿಬಾಡಿ ಮೂರರಲ್ಲೂ ಬೇರೆ ಬೇರೆ ರೀತಿ ಹೊಳೆಯುತ್ತದೆ. ಲಿವರ್ ಒಂದನ್ನೇ ನೋಡಿದರೆ ಯಾವುದು ಅಂತ ಹೇಳುವುದು ಕಷ್ಟ. ಕಿಡ್ನಿ ಮತ್ತು ಜಠರ ಸಾಕ್ಷಿ ಹೇಳುತ್ತವೆ. ಲಿವರ್ ಕಾಯಿಲೆಗೆ ಇಲಿಯ ಅಂಗಾಂಶದ ಮೇಲೆಯೇ ಮೊದಲು ನೋಡಿ ಅಂತ ಅಂತರರಾಷ್ಟ್ರೀಯ ಆಟೋಇಮ್ಯೂನ್ ಹೆಪಟೈಟಿಸ್ ತಜ್ಞರ ಗುಂಪು 2004ರಲ್ಲೇ ಹೇಳಿತ್ತು.

ಎಎನ್‌ಎ ಟೆಸ್ಟಿಗೆ ಮಾತ್ರ ಹೆಪ್-2 ಅನ್ನುವ ಜೀವಕೋಶಗಳು ಪ್ರಸಿದ್ಧ. ಇವು ಲ್ಯಾಬಿನಲ್ಲಿ ಬೆಳೆಸುವ ಮನುಷ್ಯ ಜೀವಕೋಶಗಳು. ನ್ಯೂಕ್ಲಿಯಸ್ ದೊಡ್ಡದು, ಹಾಗಾಗಿ ಪ್ಯಾಟರ್ನ್ ಚೆನ್ನಾಗಿ ಕಾಣುತ್ತದೆ. ಆದರೆ ಇವು ತುಂಬಾ ಸೂಕ್ಷ್ಮ. ಆರೋಗ್ಯವಂತರಲ್ಲೂ ಹೊಳೆಯುತ್ತವೆ.

ಎಲೈಸಾ, ಸಿಎಲ್ಐಎ ಮತ್ತು ಬ್ಲಾಟ್‌ನಲ್ಲಿ ಅಂಗಾಂಶ ಇರುವುದಿಲ್ಲ. ಒಂದು ನಿರ್ದಿಷ್ಟ ಪ್ರೊಟೀನ್ ಇಟ್ಟು, ಅದಕ್ಕೆ ನಿಮ್ಮ ಆಂಟಿಬಾಡಿ ಅಂಟುತ್ತದೆಯೇ ಅಂತ ನೋಡುತ್ತಾರೆ. ಏನು ಇಟ್ಟಿದ್ದಾರೋ ಅದು ಮಾತ್ರ ಸಿಗುತ್ತದೆ. ಇದರಲ್ಲಿ ಒಂದು ಅನುಕೂಲ ಇದೆ. ಎಸ್‌ಎಲ್‌ಎ/ಎಲ್‌ಪಿ ಅನ್ನುವ ಆಂಟಿಬಾಡಿ ನನ್ನ ಸ್ಲೈಡಿನಲ್ಲಿ ಕಾಣುವುದೇ ಇಲ್ಲ. ಎಲೈಸಾ ಅಥವಾ ಬ್ಲಾಟ್ ಮಾಡಿದರೆ ಮಾತ್ರ ಸಿಕ್ಕೀತು. ಆಟೋಇಮ್ಯೂನ್ ಹೆಪಟೈಟಿಸ್‌ಗೆ ಅದರಷ್ಟು ಖಚಿತವಾಗಿ ಬೆರಳು ತೋರಿಸುವ ಆಂಟಿಬಾಡಿ ಬೇರೆ ಇಲ್ಲ. ಹಾಗಾಗಿ ಬರೀ ಐಐಎಫ್ ಮಾಡಿ ‘ಎಲ್ಲ ನೆಗೆಟಿವ್’ ಅಂದಿದ್ದರೆ, ಎಸ್‌ಎಲ್‌ಎ ನೋಡಿಯೇ ಇಲ್ಲ ಅಂತಲೇ ಅರ್ಥ. ಎರಡನೆಯ ಪ್ರಶ್ನೆ ಇದು. ಬರೆದುಕೊಳ್ಳಿ.

ಟೈಟರ್: 1:40, 1:80, 1:160

ಐಐಎಫ್ ರಿಪೋರ್ಟಿನಲ್ಲಿ ಈ ಥರದ ಅಂಕಿ ಇರುತ್ತದೆ. ಒಂದು ಪಾಲು ಸೀರಂ ಇರುವಂತೆ ಒಟ್ಟು ನಲವತ್ತು ಪಾಲು ಮಾಡಿದರೆ 1:40. ಅದನ್ನು ಮತ್ತೆ ಅರ್ಧಕ್ಕೆ ತೆಳು ಮಾಡಿದರೆ 1:80. ಹೀಗೆ ಹೋಗುತ್ತಾ ಯಾವ ಹಂತದವರೆಗೆ ಹಸಿರು ಕಾಣುತ್ತದೋ ಅದೇ ಟೈಟರ್. ಎರಡನೆಯ ಅಂಕಿ ದೊಡ್ಡದಾದಷ್ಟೂ ಆಂಟಿಬಾಡಿ ಜಾಸ್ತಿ.

ಪಕ್ಕಪಕ್ಕದ ಹಂತಗಳ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇಂದು 1:80, ಮುಂದಿನ ಸಲ 1:160 ಬಂದರೆ ಕಾಯಿಲೆ ಎರಡು ಪಟ್ಟಾಯಿತು ಅಂತಲ್ಲ. ಒಂದೇ ಸೀರಂ ಅನ್ನು ಇಬ್ಬರು ಓದಿದರೂ ಒಂದು ಹಂತ ಆಚೀಚೆ ಆಗುತ್ತದೆ. ಕಣ್ಣಿನಿಂದ ಓದುವ ಟೆಸ್ಟ್ ಇದು. ನಾನೂ ನನ್ನ ಪಕ್ಕದವರೂ ದಿನಾ ಇದರ ಮೇಲೆ ವಾದ ಮಾಡುತ್ತೇವೆ.

ಹೆಪ್-2 ಮೇಲೆ ಮಾಡಿದ ಎಎನ್‌ಎ ಬಗ್ಗೆ 1997ರಲ್ಲಿ ಬಂದ, ಹಲವು ಲ್ಯಾಬ್‌ಗಳು ಸೇರಿ ಮಾಡಿದ ಒಂದು ಅಧ್ಯಯನ ಇದೆ. ಆರೋಗ್ಯವಂತರಲ್ಲಿ ಸುಮಾರು ಶೇಕಡಾ 32ರಷ್ಟು ಜನ 1:40ರಲ್ಲಿ ಪಾಸಿಟಿವ್. 1:80ರಲ್ಲಿ ಶೇಕಡಾ 13. 1:160ರಲ್ಲೂ ಶೇಕಡಾ 5. ಅಂದರೆ ಏನೂ ಕಾಯಿಲೆ ಇಲ್ಲದ ಮೂವರಲ್ಲಿ ಹೆಚ್ಚು ಕಡಿಮೆ ಒಬ್ಬರಿಗೆ 1:40ರ ಎಎನ್‌ಎ ಸಿಗುತ್ತದೆ. ಫ್ಯಾಟಿ ಲಿವರ್ ಇರುವವರಲ್ಲೂ ಕಡಿಮೆ ಟೈಟರಿನ ಎಎನ್‌ಎ, ಎಸ್‌ಎಂಎ (ಸ್ನಾಯುವಿನ ವಿರುದ್ಧದ ಆಂಟಿಬಾಡಿ) ಕಾಣುವುದು ಮಾಮೂಲಿ. ಹೆಪಟೈಟಿಸ್ ಸಿ ಇರುವವರಲ್ಲೂ ಅಷ್ಟೆ. ನನಗೆ ಬರುವ ಫೋಟೊಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥವೇ: ಎಎಲ್‌ಟಿ ಸ್ವಲ್ಪ ಜಾಸ್ತಿ, ಸ್ಕ್ಯಾನಿನಲ್ಲಿ ಕೊಬ್ಬು, ಐಜಿಜಿ ನಾರ್ಮಲ್, ಎಎನ್‌ಎ 1:80. ಇವರಿಗೆ ‘ಈ ರಿಪೋರ್ಟ್ ನೋಡಿ ನನಗೆ ಗಾಬರಿ ಆಗುತ್ತಿಲ್ಲ, ಆದರೂ ಡಾಕ್ಟರ ಹತ್ತಿರ ಮಾತಾಡಿ’ ಅಂತ ಹೇಳುತ್ತೇನೆ.

ಮಕ್ಕಳ ಲೆಕ್ಕವೇ ಬೇರೆ. ಆರೋಗ್ಯವಾಗಿರುವ ಮಕ್ಕಳಲ್ಲಿ ಈ ಆಂಟಿಬಾಡಿಗಳು ಅಪರೂಪ. ಹಾಗಾಗಿ ಎಎನ್‌ಎ, ಎಸ್‌ಎಂಎ 1:20 ಇದ್ದರೂ, ಎಲ್‌ಕೆಎಂ-1 (ಮುಂದೆ ವಿವರಿಸುವ ಇನ್ನೊಂದು ಆಂಟಿಬಾಡಿ) ಬರೀ 1:10 ಇದ್ದರೂ ಗಂಭೀರವಾಗಿ ತಗೊಳ್ಳಬೇಕು. ಲ್ಯಾಬ್ 1:40ರಿಂದಲೇ ಶುರು ಮಾಡಿದ್ದರೆ ಮಗುವಿನ ರಿಪೋರ್ಟ್ ಸುಮ್ನೆ ನೆಗೆಟಿವ್ ಅಂತ ಬಂದುಬಿಡಬಹುದು. ಮಗುವಿನ ಸ್ಯಾಂಪಲ್ ಆದರೆ ‘ಯಾವ ಡೈಲ್ಯೂಷನ್‌ನಿಂದ ಶುರು ಮಾಡಿದಿರಿ?’ ಅಂತ ಲ್ಯಾಬಿಗೇ ಫೋನ್ ಮಾಡಿ ಕೇಳಿ. ಕೇಳಿದವರನ್ನು ನಾವು ಬೈಯುವುದಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಗುತ್ತದೆ.

ಎಲೈಸಾದಲ್ಲಿ ಟೈಟರ್ ಇರುವುದಿಲ್ಲ, ಯೂನಿಟ್ ಇರುತ್ತದೆ. ಒಂದು ಕಂಪನಿಯ ಕಿಟ್ಟಿನ ಯೂನಿಟ್ಟನ್ನು ಇನ್ನೊಂದರ ಜೊತೆ ಹೋಲಿಸಬೇಡಿ. 1:80ಕ್ಕೆ ಇಷ್ಟು ಯೂನಿಟ್ ಅಂತ ಬದಲಾಯಿಸುವ ಸೂತ್ರವೂ ಇಲ್ಲ.

ಪ್ಯಾಟರ್ನ್: ಎಲ್ಲಿ ಹೊಳೆಯಿತು

ನನಗೆ ಇಷ್ಟದ ಭಾಗ ಇದು. ಸ್ವಲ್ಪ ಉದ್ದ ಆಗುತ್ತದೆ.

ಎಎನ್‌ಎ ಅಂದರೆ ನ್ಯೂಕ್ಲಿಯಸ್ ವಿರುದ್ಧದ ಆಂಟಿಬಾಡಿ. ಆಟೋಇಮ್ಯೂನ್ ಹೆಪಟೈಟಿಸ್‌ನಲ್ಲಿ ಸಾಮಾನ್ಯವಾಗಿ ನ್ಯೂಕ್ಲಿಯಸ್ ಪೂರ್ತಿ ಒಂದೇ ಸಮನೆ ಹೊಳೆಯುತ್ತದೆ. ಅದು ಹೋಮೋಜೀನಿಯಸ್. ಸಣ್ಣ ಸಣ್ಣ ಕಣಗಳಂತೆ ಕಂಡರೆ ಸ್ಪೆಕಲ್ಡ್. ಆಟೋಇಮ್ಯೂನ್ ಹೆಪಟೈಟಿಸ್‌ನಲ್ಲಿ ಎರಡೂ ಬರುತ್ತವೆ. ಇವುಗಳಿಂದ ಲಿವರ್ ಬಗ್ಗೆ ಜಾಸ್ತಿ ಏನೂ ತಿಳಿಯುವುದಿಲ್ಲ. ಲೂಪಸ್ ಅನ್ನುವ ಬೇರೊಂದು ಆಟೋಇಮ್ಯೂನ್ ಕಾಯಿಲೆ ಇರುವವರಲ್ಲೂ ಹೋಮೋಜೀನಿಯಸ್ ಕಾಣುತ್ತದೆ. 1956ರಲ್ಲಿ ಆಸ್ಟ್ರೇಲಿಯಾದ ಇಯನ್ ಮೆಕೇ ಮತ್ತು ಜೊತೆಗಾರರು ಆಟೋಇಮ್ಯೂನ್ ಹೆಪಟೈಟಿಸ್‌ಗೆ ಲೂಪಾಯ್ಡ್ ಹೆಪಟೈಟಿಸ್ ಅಂತ ಹೆಸರಿಟ್ಟಿದ್ದೂ ಈ ಹೋಲಿಕೆಯಿಂದಲೇ. ಎರಡೂ ಬೇರೆ ಬೇರೆ ಕಾಯಿಲೆಗಳು ಅಂತ ಆಮೇಲೆ ಸ್ಪಷ್ಟವಾಯಿತು.

ಆದರೆ ಎಎನ್‌ಎಯಲ್ಲಿ ಎರಡು ಪ್ಯಾಟರ್ನ್ ಕಂಡರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ. ಒಂದು, ನ್ಯೂಕ್ಲಿಯಸ್ಸಿನ ಅಂಚು ಮಾತ್ರ ಚುಕ್ಕಿ ಚುಕ್ಕಿಯಾಗಿ ಹೊಳೆಯುವುದು. ಅದರ ಹಿಂದೆ ಸಾಮಾನ್ಯವಾಗಿ ಜಿಪಿ210 ಆಂಟಿಬಾಡಿ ಇರುತ್ತದೆ. ಇನ್ನೊಂದು, ನ್ಯೂಕ್ಲಿಯಸ್ ಒಳಗೆ ಎಣಿಸಬಹುದಾದ ಕೆಲವೇ ಸ್ಪಷ್ಟ ಚುಕ್ಕಿಗಳು. ರಿಪೋರ್ಟಿನಲ್ಲಿ ಮಲ್ಟಿಪಲ್ ನ್ಯೂಕ್ಲಿಯರ್ ಡಾಟ್ಸ್ ಅಂತ ಬರುತ್ತದೆ. ಅದು ಎಸ್‌ಪಿ100. ಎರಡೂ ಪಿಬಿಸಿ ಕಡೆ ಬೆರಳು ತೋರಿಸುತ್ತವೆ. ಪಿಬಿಸಿಯ ಮುಖ್ಯ ಆಂಟಿಬಾಡಿ ಎಎಂಎ ನೆಗೆಟಿವ್ ಬಂದು, ಆಲ್ಕಲೈನ್ ಫಾಸ್ಫಟೇಸ್ ಏರಿಯೇ ಇದ್ದರೆ ಈ ಎರಡರಲ್ಲಿ ಒಂದು ಸಿಕ್ಕರೂ ಪಿಬಿಸಿ ಅಂತ ಹೇಳಲು ಬರುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಬರೀ ‘ಎಎನ್‌ಎ ಪಾಸಿಟಿವ್’ ಅಂತ ಇದ್ದು ಪ್ಯಾಟರ್ನ್ ಬರೆಯದಿದ್ದರೆ ಅದು ಅರ್ಧ ರಿಪೋರ್ಟ್. ಕೇಳಿ ಬರೆಸಿಕೊಳ್ಳಿ.

ಎಸ್‌ಎಂಎ ಅಂದರೆ ಸ್ಮೂತ್ ಮಸಲ್ ಆಂಟಿಬಾಡಿ. ಜಠರದ ಸ್ನಾಯು ಪದರ ಹೊಳೆಯುತ್ತದೆ, ರಕ್ತನಾಳದ ಗೋಡೆ ಹೊಳೆಯುತ್ತದೆ. ನಿಜವಾದ ಸುದ್ದಿ ಇರುವುದು ಕಿಡ್ನಿಯಲ್ಲಿ. ಅಲ್ಲಿ ಮೂರು ಜಾಗ ನೋಡುತ್ತೇವೆ. ರಕ್ತನಾಳ ಹೊಳೆದರೆ ವಿ. ಸೋಸುವ ಗೊಂಚಲು, ಅಂದರೆ ಗ್ಲೊಮೆರ್ಯುಲಸ್ ಹೊಳೆದರೆ ಜಿ. ನಳಿಕೆಗಳ ಉದ್ದಕ್ಕೂ ಎಳೆ ಎಳೆಯಾಗಿ ಹೊಳೆದರೆ ಟಿ. ಬರೀ ವಿ ಇದ್ದರೆ ಅದಕ್ಕೆ ಅಷ್ಟು ತೂಕ ಇಲ್ಲ. ಬೇರೆ ಕಾಯಿಲೆಗಳಲ್ಲೂ, ಸೋಂಕು ಬಂದು ಹೋದ ಮೇಲೂ ಕಾಣುತ್ತದೆ. ವಿಜಿ ಅಥವಾ ವಿಜಿಟಿ ಇದ್ದರೆ ಆಟೋಇಮ್ಯೂನ್ ಹೆಪಟೈಟಿಸ್ ಅನುಮಾನ ಗಟ್ಟಿಯಾಗುತ್ತದೆ. ಇಂಥ ಆಂಟಿಬಾಡಿಗಳ ಗುರಿ ಎಫ್-ಆಕ್ಟಿನ್ ಅನ್ನುವ ಪ್ರೊಟೀನ್. ಕೆಲವು ಲ್ಯಾಬ್‌ಗಳು ಎಫ್-ಆಕ್ಟಿನ್ ಎಲೈಸಾ ಮಾಡುತ್ತವೆ. ಅಲ್ಲಿ ಗಡಿಯ ಹತ್ತಿರದ ಸಣ್ಣ ಅಂಕಿ ಬಂದರೆ ನಾನು ನಂಬಲು ಅವಸರ ಮಾಡುವುದಿಲ್ಲ.

ಇನ್ನು ಎಎಂಎ ಮತ್ತು ಎಲ್‌ಕೆಎಂ. ಲಿವರ್ ಸ್ಲೈಡ್ ಓದುವವರು ಎಡವುವ ಜಾಗ ಅಂದರೆ ಇದೇ.

ಎಎಂಎ ಮೈಟೋಕಾಂಡ್ರಿಯದ, ಅಂದರೆ ಜೀವಕೋಶದಲ್ಲಿ ಶಕ್ತಿ ತಯಾರಿಸುವ ಭಾಗದ, ವಿರುದ್ಧದ ಆಂಟಿಬಾಡಿ. 1965ರಲ್ಲಿ ಲಂಡನ್ನಿನಲ್ಲಿ ಡೆಬೊರಾ ಡೊನಿಯಾಕ್, ಶೀಲಾ ಶೆರ್ಲಾಕ್ ಮತ್ತು ಜೊತೆಗಾರರು ಇದೇ ಇಮ್ಯುನೊಫ್ಲೋರೆಸೆನ್ಸ್ ವಿಧಾನದಲ್ಲಿ ಪಿಬಿಸಿ ರೋಗಿಗಳಲ್ಲಿ ಇದನ್ನು ತೋರಿಸಿದರು. ಅದರ ಮುಖ್ಯ ಗುರಿ ಪಿಡಿಸಿ-ಇ2 ಅನ್ನುವ ಎಂಜೈಮ್ ಭಾಗ. ರಿಪೋರ್ಟಿನಲ್ಲಿ ಎಎಂಎ-ಎಂ2 ಅಂತ ಇದ್ದರೆ ಈ ಗುಂಪಿನ ಎಂಜೈಮ್‌ಗಳೇ. ಪಿಬಿಸಿ ಇರುವ ನೂರರಲ್ಲಿ ತೊಂಬತ್ತಕ್ಕೂ ಜಾಸ್ತಿ ಜನರಲ್ಲಿ ಎಎಂಎ ಸಿಗುತ್ತದೆ. ಒಂದು ಕಾಯಿಲೆಗೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡ ಆಟೋಆಂಟಿಬಾಡಿ ಬೇರೆ ಕಡೆ ಸಿಗುವುದು ಕಡಿಮೆ.

ಎಲ್‌ಕೆಎಂ-1 ಅಂದರೆ ಲಿವರ್ ಕಿಡ್ನಿ ಮೈಕ್ರೊಸೋಮ್ ಆಂಟಿಬಾಡಿ. ಅದರ ಗುರಿ ಸಿವೈಪಿ2ಡಿ6, ಔಷಧಗಳನ್ನು ಒಡೆಯುವ ಲಿವರ್ ಎಂಜೈಮ್. ಇದು ಟೈಪ್ 2 ಆಟೋಇಮ್ಯೂನ್ ಹೆಪಟೈಟಿಸ್‌ನ ಗುರುತು. ಹೆಚ್ಚಾಗಿ ಮಕ್ಕಳು ಮತ್ತು ಹದಿವಯಸ್ಸಿನವರಲ್ಲಿ ಕಾಣುತ್ತದೆ. ಎಎನ್‌ಎ, ಎಸ್‌ಎಂಎ ಇರುವುದು ಟೈಪ್ 1.

ಎರಡೂ ಕಿಡ್ನಿಯ ನಳಿಕೆಗಳನ್ನು ಹೊಳೆಯಿಸುತ್ತವೆ. ಅವಸರದಲ್ಲಿ ನೋಡಿದರೆ ಎರಡೂ ಒಂದೇ. ವ್ಯತ್ಯಾಸ ಹೀಗಿದೆ. ಎಲ್‌ಕೆಎಂ-1 ಕಿಡ್ನಿಯ ಪ್ರಾಕ್ಸಿಮಲ್ (ಸೋಸುವ ಗೊಂಚಲಿಗೆ ಹತ್ತಿರದ) ನಳಿಕೆಗಳಲ್ಲಿ ಹೊಳೆಯುತ್ತದೆ, ಡಿಸ್ಟಲ್ (ದೂರದ) ನಳಿಕೆಗಳನ್ನು ಬಿಡುತ್ತದೆ. ಎಎಂಎ ಎರಡರಲ್ಲೂ ಹೊಳೆಯುತ್ತದೆ, ಡಿಸ್ಟಲ್‌ನಲ್ಲಿ ಇನ್ನೂ ಜೋರು. ಲಿವರ್ ತುಂಡಿನಲ್ಲಿ ಎಲ್‌ಕೆಎಂ-1 ಪ್ರಕಾಶ ಜಾಸ್ತಿ, ಎಎಂಎ ಮಂಕು. ಕೊನೆಗೆ ಜಠರ ನೋಡಬೇಕು. ಅಲ್ಲಿನ ಆಮ್ಲ ತಯಾರಿಸುವ ಪರೈಟಲ್ ಕೋಶಗಳು ಎಎಂಎ ಇದ್ದರೆ ಜೋರಾಗಿ ಹೊಳೆಯುತ್ತವೆ. ಎಲ್‌ಕೆಎಂ-1 ಇದ್ದರೆ ಕತ್ತಲೆ.

ಒಮ್ಮೆ ಹದಿವಯಸ್ಸಿನ ಹುಡುಗಿಯೊಬ್ಬಳ ಸ್ಯಾಂಪಲ್ ಬಂತು. ಬೇರೊಂದು ಲ್ಯಾಬಿನ ಹಳೆಯ ರಿಪೋರ್ಟಿನಲ್ಲಿ ಎಎಂಎ ಪಾಸಿಟಿವ್ ಅಂತ ಇತ್ತು. ಎಎಲ್‌ಟಿ ಸಾವಿರ ದಾಟಿತ್ತು, ಆಲ್ಕಲೈನ್ ಫಾಸ್ಫಟೇಸ್ ಅವಳ ವಯಸ್ಸಿಗೆ ಸರಿಯಾಗಿಯೇ ಇತ್ತು. ಪಿಬಿಸಿ ಸಾಮಾನ್ಯವಾಗಿ ನಲವತ್ತು ದಾಟಿದ ಹೆಂಗಸರ ಕಾಯಿಲೆ. ಲೆಕ್ಕ ಕೂಡಲಿಲ್ಲ. ಸ್ಲೈಡಿಟ್ಟರೆ ಲಿವರ್ ಧಗಧಗ ಹೊಳೆಯುತ್ತಿತ್ತು, ಜಠರದಲ್ಲಿ ಏನೂ ಇಲ್ಲ. ಎಲ್‌ಕೆಎಂ-1. ಬ್ಲಾಟ್‌ನಲ್ಲೂ ಅದೇ ಬಂತು. ಈ ಎರಡು ಕಾಯಿಲೆಗಳ ಔಷಧವೇ ಬೇರೆ. ಆಟೋಇಮ್ಯೂನ್ ಹೆಪಟೈಟಿಸ್‌ಗೆ ಸ್ಟೀರಾಯ್ಡ್ ಮತ್ತು ಅಝಾಥಯೋಪ್ರಿನ್, ಪಿಬಿಸಿಗೆ ಮೊದಲ ಔಷಧ ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್. ಅದಕ್ಕೇ ನಾನು ಲಿವರ್ ಫಂಕ್ಷನ್ ಟೆಸ್ಟ್ ಮೊದಲು ನೋಡಿ ಅಂದದ್ದು. ಆಂಟಿಬಾಡಿಯ ಹೆಸರು ಒಂದು ಕಡೆ, ಎಂಜೈಮ್‌ಗಳು ಇನ್ನೊಂದು ಕಡೆ ಎಳೆಯುತ್ತಿದ್ದರೆ ಟೆಸ್ಟನ್ನೇ ಅನುಮಾನಿಸಿ. ಮತ್ತೆ ಮಾಡಿಸಲು, ಬ್ಲಾಟ್ ಅಥವಾ ಎಲೈಸಾದಲ್ಲಿ ಖಚಿತ ಮಾಡಿಕೊಳ್ಳಲು ಕೇಳಿ.

ಎಲ್‌ಕೆಎಂ-1 ಬಂದ ಕೂಡಲೇ ಹೆಪಟೈಟಿಸ್ ಸಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆ ವೈರಸ್ ಇರುವ ಕೆಲವರಲ್ಲೂ ಇದು ಸಿಗುತ್ತದೆ. ಇದರ ಜೊತೆಗಾರ ಎಲ್‌ಸಿ-1 ಅನ್ನುವ ಇನ್ನೊಂದು ಆಂಟಿಬಾಡಿ. ಅದೂ ಟೈಪ್ 2ರದೇ. ಸ್ಲೈಡಿನಲ್ಲಿ ಎಲ್‌ಕೆಎಂ-1ರ ಹೊಳಪಿನ ಹಿಂದೆ ಅಡಗಿಬಿಡುತ್ತದೆ, ಹಾಗಾಗಿ ಬ್ಲಾಟ್ ಬೇಕು.

ಪಿಎಸ್‌ಸಿ ಬಗ್ಗೆ ಹೇಳುವುದು ಸ್ವಲ್ಪವೇ ಇದೆ. ಎಟಿಪಿಕಲ್ ಪಿ-ಆಂಕಾ ಅನ್ನುವ ಆಂಟಿಬಾಡಿ ಹಲವರಲ್ಲಿ ಸಿಗುತ್ತದೆ. ಆದರೆ ದೊಡ್ಡ ಕರುಳಿನ ಉರಿಯೂತದ ಕಾಯಿಲೆಯಾದ ಅಲ್ಸರೇಟಿವ್ ಕೊಲೈಟಿಸ್‌ನಲ್ಲೂ, ಆಟೋಇಮ್ಯೂನ್ ಹೆಪಟೈಟಿಸ್‌ನಲ್ಲೂ ಸಿಗುತ್ತದೆ. ಅದನ್ನು ನಂಬಿ ಪಿಎಸ್‌ಸಿ ಅನ್ನಲಾಗದು. ಪಿತ್ತನಾಳಗಳ ಎಂಆರ್‌ಸಿಪಿ ಸ್ಕ್ಯಾನ್ ಬೇಕು.

ಅಂಕ ಹಾಕುವುದು

ಆಟೋಇಮ್ಯೂನ್ ಹೆಪಟೈಟಿಸ್‌ಗೆ 2008ರಲ್ಲಿ ಬಂದ ಸರಳ ಅಂಕಪಟ್ಟಿ ಒಂದಿದೆ. ಡಾಕ್ಟರುಗಳು ಮನಸ್ಸಿನಲ್ಲೇ ಹಾಕುವ ಲೆಕ್ಕ ಇದು. ಎಎನ್‌ಎ ಅಥವಾ ಎಸ್‌ಎಂಎ 1:40 ಇದ್ದರೆ 1 ಅಂಕ, 1:80 ಅಥವಾ ಅದಕ್ಕೂ ಮೇಲೆ ಇದ್ದರೆ 2. ಎಲ್‌ಕೆಎಂ 1:40 ಅಥವಾ ಮೇಲೆ, ಇಲ್ಲವೇ ಎಸ್‌ಎಲ್‌ಎ ಪಾಸಿಟಿವ್ ಇದ್ದರೂ 2. ಎಷ್ಟೇ ಆಂಟಿಬಾಡಿ ಇರಲಿ, ಆಂಟಿಬಾಡಿಗೆ 2ಕ್ಕಿಂತ ಜಾಸ್ತಿ ಸಿಗುವುದಿಲ್ಲ. ಐಜಿಜಿ ನಾರ್ಮಲ್ ಮಿತಿ ದಾಟಿದ್ದರೆ 1, ಮಿತಿಯ 1.1 ಪಟ್ಟು ದಾಟಿದ್ದರೆ 2. ಬಯಾಪ್ಸಿ (ಲಿವರಿನ ಸಣ್ಣ ತುಂಡು ತೆಗೆದು ನೋಡುವ ಪರೀಕ್ಷೆ) ಕಾಯಿಲೆಗೆ ಹೊಂದುವಂತಿದ್ದರೆ 1, ಸ್ಪಷ್ಟವಾಗಿದ್ದರೆ 2. ವೈರಲ್ ಹೆಪಟೈಟಿಸ್ ಇಲ್ಲ ಅಂದರೆ 2. ಒಟ್ಟು 6 ಬಂದರೆ ಇರಬಹುದು, 7 ಅಥವಾ 8 ಬಂದರೆ ಖಚಿತ.

ಇದನ್ನು ಒಮ್ಮೆ ಕೂಡಿ ನೋಡಿ. ಎಎನ್‌ಎ 1:640 ಇದ್ದು, ಐಜಿಜಿ ನಾರ್ಮಲ್ ಇದ್ದು, ವೈರಸ್ ಇಲ್ಲ ಅಂತಿಟ್ಟುಕೊಳ್ಳೋಣ. ಬಂದದ್ದು 4. ಬಯಾಪ್ಸಿಯಲ್ಲಿ ಸ್ಪಷ್ಟವಾಗಿ ಕಂಡರೆ ಮಾತ್ರ 6 ಆಗುತ್ತದೆ. ಭಯ ಹುಟ್ಟಿಸಿದ 1:640 ಕೊಟ್ಟದ್ದು ಎರಡೇ ಅಂಕ, 1:80 ಕೊಡುವಷ್ಟೇ. ಡಾಕ್ಟರ್ ಬಯಾಪ್ಸಿ ಬೇಕು ಅಂದರೆ ಯಾಕೆ ಅನ್ನುವುದು ಇಲ್ಲಿಂದ ಗೊತ್ತಾಗುತ್ತದೆ.

ಪಿಬಿಸಿಗೆ ಲೆಕ್ಕ ಇನ್ನೂ ಸುಲಭ. ಆಲ್ಕಲೈನ್ ಫಾಸ್ಫಟೇಸ್ ಬಹಳ ಕಾಲದಿಂದ ಏರಿದೆ, ಬೇರೆ ಕಾರಣ ಇಲ್ಲ, ಎಎಂಎ 1:40 ಅಥವಾ ಮೇಲೆ ಇದೆ ಅಂದರೆ ಹೆಚ್ಚಿನವರಿಗೆ ಬಯಾಪ್ಸಿ ಇಲ್ಲದೆಯೇ ಕಾಯಿಲೆ ಖಚಿತ. ಹಳೆಯ ಕಾಗದಗಳಲ್ಲಿ ಪ್ರೈಮರಿ ಬಿಲಿಯರಿ ಸಿರೋಸಿಸ್ ಅಂತ ಕಂಡರೆ ಗಾಬರಿ ಬೇಡ. ಕಾಯಿಲೆ ಅದೇ. 2015ರಲ್ಲಿ ಹೆಸರು ಬದಲಾಯಿಸಿದರು, ಏಕೆಂದರೆ ಬಹಳ ಜನರಿಗೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಇರುವುದೇ ಇಲ್ಲ.

ಎಎಂಎ ಇದೆ, ಲಿವರ್ ಟೆಸ್ಟ್ ನಾರ್ಮಲ್

ಇಂಥವರು ನನಗೆ ಆಗಾಗ ಸಿಗುತ್ತಾರೆ. ಬೇರೆ ಯಾವುದೋ ಕಾರಣಕ್ಕೆ ಸ್ಲೈಡ್ ಹಾಕಿದೆವು, ಎಎಂಎ ಕಂಡಿತು, ಆಲ್ಕಲೈನ್ ಫಾಸ್ಫಟೇಸ್ ನಾರ್ಮಲ್. ಇದು ಈಗ ಪಿಬಿಸಿ ಅಲ್ಲ. ಫ್ರಾನ್ಸ್‌ನಲ್ಲಿ ಇಂಥವರನ್ನು ಹಿಂಬಾಲಿಸಿ ನೋಡಿದಾಗ ಐದು ವರ್ಷದಲ್ಲಿ ಆರರಲ್ಲಿ ಒಬ್ಬರಿಗೆ ಮಾತ್ರ ಪಿಬಿಸಿ ಬಂದಿತ್ತು. ಔಷಧ ಬೇಕಿಲ್ಲ. ವರ್ಷಕ್ಕೊಮ್ಮೆ ಲಿವರ್ ಫಂಕ್ಷನ್ ಟೆಸ್ಟ್ ಸಾಕು. ಎಎಂಎಯನ್ನು ಮತ್ತೆ ಮತ್ತೆ ಮಾಡಿಸುವ ಅಗತ್ಯವೂ ಇಲ್ಲ.

ಎಲ್ಲ ನೆಗೆಟಿವ್ ಬಂದರೆ

ನೆಗೆಟಿವ್ ಅಂದರೆ ಆಟೋಇಮ್ಯೂನ್ ಅಲ್ಲವೇ ಅಲ್ಲ ಅಂತ ಬಾಗಿಲು ಹಾಕಬೇಡಿ. ಆಟೋಇಮ್ಯೂನ್ ಹೆಪಟೈಟಿಸ್ ಇರುವ ಕೆಲವರಲ್ಲಿ ಮಾಮೂಲಿ ಆಂಟಿಬಾಡಿ ಯಾವುದೂ ಸಿಗುವುದಿಲ್ಲ. ಕಾಯಿಲೆ ದಿಢೀರ್ ಅಂತ ಜೋರಾಗಿ ಶುರುವಾದವರಲ್ಲಿ ಮೊದಲ ಸಲ ನೆಗೆಟಿವ್ ಬಂದು ಆಮೇಲೆ ಪಾಸಿಟಿವ್ ಆಗುವುದುಂಟು. ಅವರಲ್ಲಿ ಐಜಿಜಿಯೂ ಶುರುವಿನಲ್ಲಿ ನಾರ್ಮಲ್ ಇರಬಹುದು. ಆಗಲೇ ಸ್ಟೀರಾಯ್ಡ್ ಶುರುವಾಗಿದ್ದರೂ ಆಂಟಿಬಾಡಿ ಕುಗ್ಗಿರಬಹುದು. ಲ್ಯಾಬಿನ ಫಾರಂನಲ್ಲಿ ಆ ವಿಷಯ ಬರೆಸಿ. ಎಎಲ್‌ಟಿ ಏರುತ್ತಲೇ ಇದ್ದು ಬೇರೆ ಕಾರಣ ಸಿಗದಿದ್ದರೆ ಎಸ್‌ಎಲ್‌ಎ, ಎಲ್‌ಸಿ-1, ಜಿಪಿ210, ಎಸ್‌ಪಿ100 ಎಲ್ಲ ಇರುವ ಲಿವರ್ ಬ್ಲಾಟ್ ಕೇಳುವುದರಲ್ಲಿ ಅರ್ಥ ಇದೆ. ಕೆಲವು ಲ್ಯಾಬ್‌ಗಳಲ್ಲಿ ಉಳಿದ ಸೀರಂ ಕೆಲವು ದಿನ ಫ್ರಿಜ್‌ನಲ್ಲಿ ಇಟ್ಟಿರುತ್ತಾರೆ. ಇನ್ನೊಮ್ಮೆ ಸೂಜಿ ಚುಚ್ಚಿಸಿಕೊಳ್ಳದೆ ಅದರಲ್ಲೇ ಆದೀತಾ ಅಂತ ಕೇಳಿ ನೋಡಿ.

ಬ್ಲಾಟ್‌ನಲ್ಲಿ ತೀರಾ ಮಂಕು ಗೆರೆ ಬಂದು ‘ಬಾರ್ಡರ್‌ಲೈನ್’ ಅಂತ ಬರೆದಿದ್ದರೆ ಅದರ ಮೇಲೆ ಮನೆ ಕಟ್ಟಬೇಡಿ. ಅದೇ ಆಂಟಿಬಾಡಿ ಸ್ಲೈಡಿನಲ್ಲೂ ಕಾಣುವಂಥದ್ದಾದರೆ ಅಲ್ಲಿ ಕಂಡಿತಾ ಅಂತ ನೋಡಿ. ಎರಡೂ ಹೊಂದಿದರೆ ಸರಿ. ಹೊಂದದಿದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ.

ಮತ್ತೆ ಮತ್ತೆ ಮಾಡಿಸಬೇಕಾ

ಬೇಡ. ಕಾಯಿಲೆ ಖಚಿತವಾದ ಮೇಲೆ ದೊಡ್ಡವರಲ್ಲಿ ಟೈಟರ್ ಏರಿತಾ ಇಳಿಯಿತಾ ಅಂತ ನೋಡಿ ಔಷಧ ಬದಲಾಯಿಸುವುದಿಲ್ಲ. ಔಷಧ ಕೆಲಸ ಮಾಡುತ್ತಿದೆಯಾ ಅಂತ ಹೇಳುವುದು ಎಎಲ್‌ಟಿ, ಎಎಸ್‌ಟಿ ಮತ್ತು ಐಜಿಜಿ. ಪಿಬಿಸಿಯಲ್ಲಾದರೆ ಆಲ್ಕಲೈನ್ ಫಾಸ್ಫಟೇಸ್ ಮತ್ತು ಬಿಲಿರುಬಿನ್. ಎಎಂಎ ಟೈಟರ್ ಇಳಿಯಲಿ ಅಂತ ಕಾಯುತ್ತಾ ಕೂರುವವರನ್ನು ನೋಡಿದ್ದೇನೆ. ಪಿಬಿಸಿ ಪೂರ್ತಿ ಹತೋಟಿಯಲ್ಲಿದ್ದರೂ ಎಎಂಎ ಹಾಗೇ ಉಳಿಯುತ್ತದೆ. ಮಕ್ಕಳಲ್ಲಿ ಮಾತ್ರ ಆಂಟಿಬಾಡಿ ಮಟ್ಟ ಕಾಯಿಲೆಯ ಜೊತೆ ಸ್ವಲ್ಪ ಮಟ್ಟಿಗೆ ಏರಿಳಿಯುತ್ತದೆ. ಅಲ್ಲಿ ಡಾಕ್ಟರ್ ಮತ್ತೆ ಮಾಡಿಸಿ ಅಂದರೆ ಕಾರಣ ಇರುತ್ತದೆ.

ಮತ್ತೆ ಮಾಡಿಸಲೇಬೇಕು ಅಂತಾದರೆ ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಮಾಡಿಸಿ. ಇದಕ್ಕೆ ಉಪವಾಸ ಬೇಕಿಲ್ಲ. ಹಳೆಯ ರಿಪೋರ್ಟನ್ನು ಪೂರ್ತಿ ಹಾಳೆ ಸಮೇತ ತಗೊಂಡು ಹೋಗಿ, ಬರೀ ಪಾಸಿಟಿವ್ ಅಂತಿರುವ ಸಾಲಿನ ಫೋಟೊ ಅಲ್ಲ. ಫಾರಂ ತುಂಬುವಾಗ ವಯಸ್ಸು, ಔಷಧಗಳು, ಇತ್ತೀಚಿನ ಎಎಲ್‌ಟಿ ಮತ್ತು ಆಲ್ಕಲೈನ್ ಫಾಸ್ಫಟೇಸ್ ಅಂಕಿ ಬರೆಸಿ. ಸ್ಲೈಡ್ ಓದುವವರಿಗೆ ಇಷ್ಟು ಗೊತ್ತಿದ್ದರೆ ಅನುಮಾನ ಬಂದಾಗ ಇನ್ನೊಮ್ಮೆ ಜಠರದ ತುಂಡಿನ ಕಡೆ ಲೆನ್ಸ್ ತಿರುಗಿಸುತ್ತಾರೆ.